ನವ್ಯಶ್ರೀ ಹೆಸರಿನ ಹಳದಿ ಕಾರ್ಡು

ಜಡಿಗೇನಹಳ್ಳಿ
12 ಜನವರಿ 2025

ಹರ್ಷಿತ ಅತ್ತಿಗೆಗೆ,

ಚಂಡೀಗಢದಲ್ಲಿ ಚಳಿ ಹೇಗಿದೆ? ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಅಂತ ನಗಬೇಡಿ. ನನ್ನ ಫೋನನ್ನು ಪಾಪು ಬಕೆಟ್ ನೀರಿಗೆ ಹಾಕಿ ಸಾಯಿಸಿದಳು. ನಿಮ್ಮ ತಮ್ಮನ ಫೋನಿನಲ್ಲಿ ಮಾತಾಡೋಣವೆಂದರೆ ಅವರು ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ. ಅತ್ತೆ, ಮಾವ, ಬಾಗಿಲಿಗೆ ಬಂದವರು, ಎಲ್ಲರೂ ಕೇಳುತ್ತಾರೆ. ಕೆಲವು ಮಾತು ಹಾಗೆ ಆಡಲಾಗುವುದಿಲ್ಲ.

ವಿಷಯ ಇಷ್ಟು. ದೀಪಾವಳಿಯಲ್ಲಿ ನನಗೆ ಮೊದಲ ಸಲ ಫಿಟ್ಸ್ ಬಂದಾಗ ಹೊಸಕೋಟೆಯ ಡಾಕ್ಟರ್ ಅಮರ್ ದಿನಕ್ಕೆ ಮೂರು ಮಾತ್ರೆ ಬರೆದರು. ಅತ್ತೆ ಸುಮ್ಮನಿರುತ್ತಾರೆಯೇ? ನಿಮ್ಮ ಸಂಶೋಧನೆಗೆ ಊರವರ ರಕ್ತ ತೆಗೆದಾಗ ಎಲ್ಲರಿಗೂ ಒಂದೊಂದು ಹಳದಿ ಕಾರ್ಡು ಕಳಿಸಿದ್ದಿರಲ್ಲ, ನನ್ನದನ್ನು ಸೆರಗಿನಲ್ಲಿ ಒರೆಸಿ ಡಾಕ್ಟರ ಮೇಜಿನ ಮೇಲಿಟ್ಟರು. "ನನ್ ಮಗಳು ಕೊಟ್ಟಿರೋದು ಸ್ವಾಮಿ, ಫಾರಿನ್ ಪುಸ್ತಕದಾಗೆ ಬಂದೈತೆ" ಅಂದರು. ಈ ಥರದ ಮಾತ್ರೆ ಇವಳ ಮೈಯಲ್ಲಿ ನಿಧಾನವಾಗಿ ಕರಗುತ್ತದೆ, ಕಡಿಮೆ ಕೊಡಿ ಅಂತ ಅದರಲ್ಲಿದೆ. ಡಾಕ್ಟರು ನಿಮಗೇ ಫೋನ್ ಮಾಡಿ ಕೇಳಿ ಒಂದೂವರೆಗೆ ಇಳಿಸಿದರು.

ಇಳಿಸಿದ ಮೇಲೆ ಮತ್ತೆ ಎರಡು ಸಲ ಬಂದಿದೆ ಅತ್ತಿಗೆ. ಒಂದು ಹಿತ್ತಲಲ್ಲಿ, ಯಾರೂ ನೋಡಲಿಲ್ಲ. ಸ್ವಲ್ಪ ಜಾಸ್ತಿ ನುಂಗಬಹುದಾ ಅಂತ ಡಾಕ್ಟರನ್ನು ಕೇಳಿದೆ. "ನಿಮ್ಮ ಅತ್ತಿಗೆ ನನಗಿಂತ ದೊಡ್ಡೋರಮ್ಮಾ, ಅವರನ್ನೇ ಕೇಳಿ" ಅಂದರು. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ ಡೈರಿಯ ವಿಳಾಸಕ್ಕೆ ಹಾಕಿ. ಬೆಳಿಗ್ಗೆ ಹಾಲು ಹಾಕಲು ಹೋದಾಗ ಪೋಸ್ಟಿನ ಆದಿನಾರಾಯಣಪ್ಪ ಕೈಗೇ ಕೊಡುತ್ತಾರೆ.

ನಿಮ್ಮ,
ನವ್ಯಶ್ರೀ


ಚಂಡೀಗಢ
24 ಜನವರಿ 2025

ಪ್ರೀತಿಯ ನವ್ಯ,

ನಿನ್ನ ಕಾಗದ ನೋಡಿ ಖುಷಿಯಾಯಿತು, ಓದಿ ಭಯವಾಯಿತು. ಮೊದಲು ಇದನ್ನು ಕೇಳು: ಮಾತ್ರೆ ಹೆಚ್ಚು ಮಾಡುವ ಮಾತೇ ಬೇಡ. ಖಂಡಿತ ಬೇಡ.

ನಾವು ನುಂಗುವ ಮಾತ್ರೆಯನ್ನು ಲಿವರ್ ಒಡೆದು ಹೊರಗೆ ಹಾಕುತ್ತದೆ. ಕೆಲವರಲ್ಲಿ ಬೇಗ, ಕೆಲವರಲ್ಲಿ ತಡ. ಹುಟ್ಟುವಾಗಲೇ ಬಂದ ಒಂದು ಜೀನ್ ಅದನ್ನು ತೀರ್ಮಾನಿಸುತ್ತದೆ. ತಡವಾಗಿ ಒಡೆಯುವವರಿಗೆ ಮೂರು ಕೊಟ್ಟರೆ ಮೈಯಲ್ಲೇ ಉಳಿದು ವಿಷವಾಗುತ್ತದೆ. ಕಣ್ಣು ಮಂಜಾಗಿ, ಕುಡಿದವರ ಹಾಗೆ ತೂರಾಡುತ್ತೀಯ. ಪಾಪುವನ್ನು ಎತ್ತಿಕೊಂಡು ಬಿದ್ದರೆ ಏನು ಗತಿ?

ನಿನ್ನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಅಮ್ಮನ ಫಲಿತಾಂಶವೂ ನಿನ್ನದೂ ಒಂದೇ. ನೀನು ವಸಂತನ ಹೆಂಡತಿ ಮಾತ್ರವಲ್ಲ, ಅಮ್ಮನ ಸ್ವಂತ ಅಣ್ಣನ ಮಗಳು. ಒಂದೇ ಮನೆತನ. ಅತ್ತೆ ಸೊಸೆ ಇಬ್ಬರದೂ ಹಾಗೇ ಬಂದಾಗ ನಾನು ಲ್ಯಾಬಿನಲ್ಲಿ ಕುಣಿದುಬಿಟ್ಟಿದ್ದೆ. ನಮ್ಮ ಕಡೆಯ ಜನರಲ್ಲಿ ಇದು ಬೇರೆಡೆಗಿಂತ ಹೆಚ್ಚು ಅಂತ ಬರೆದ ಆ ಲೇಖನವೇ ನನಗೆ ಹೆಸರು ತಂದದ್ದು. ನಾನು ಪ್ರಕಟಿಸಿದ್ದು ಹನ್ನೊಂದು ಲೇಖನ. ಜನ ಕೇಳುವುದು ಅದೊಂದನ್ನೇ. ಏಪ್ರಿಲ್ ಹನ್ನೊಂದಕ್ಕೆ ಖಾಯಂ ಹುದ್ದೆಯ ಸಂದರ್ಶನ. ದೇವರು ದೊಡ್ಡವನು.

ಹೊತ್ತಿಗೆ ಸರಿಯಾಗಿ ನುಂಗು, ನಿದ್ದೆಗೆಡಬೇಡ. ಸರಿಹೋಗುತ್ತದೆ.

ನಿನ್ನ ಅತ್ತಿಗೆ,
ಹರ್ಷಿತ


ಜಡಿಗೇನಹಳ್ಳಿ
20 ಫೆಬ್ರವರಿ 2025

ಅತ್ತಿಗೆ,

ನೀವು ಹೇಳಿದ ಹಾಗೇ ಮಾಡುತ್ತಿದ್ದೇನೆ. ಬೆಳಿಗ್ಗೆ ಒಂದು, ರಾತ್ರಿ ಅರ್ಧ. ಒಂದು ಹೊತ್ತೂ ತಪ್ಪಿಸಿಲ್ಲ.

ಆದರೂ ಬರುತ್ತಿದೆ. ಹೋದ ಸೋಮವಾರ ಮುದ್ದೆ ತಿರುವುತ್ತಿದ್ದಾಗ ಬಂತು. ಎಚ್ಚರವಾದಾಗ ಒಲೆಯ ಪಕ್ಕ ಬಿದ್ದಿದ್ದೆ. ಮೊಣಕೈ ಸ್ವಲ್ಪ ಸುಟ್ಟಿದೆ, ಹೆದರುವಂಥದ್ದಲ್ಲ. ಆಮೇಲೆ ನನ್ನನ್ನು ಒಲೆ ಹತ್ತಿರ ಬಿಡುತ್ತಿಲ್ಲ. ಹಾಲಿನ ಕ್ಯಾನು ಮುಟ್ಟಿದರೂ ಅತ್ತೆ "ಬಿಡು ಬಿಡು" ಅನ್ನುತ್ತಾರೆ. ನೀರು ಸೇದಬೇಡ, ಸ್ಕೂಟಿ ಬೇಡ, ಮಗು ಎತ್ತಬೇಡ. ಕೂತು ಕೂತು ನನಗೇ ನಾನು ಬೇಜಾರಾಗಿದ್ದೇನೆ.

ಡಾಕ್ಟರ್ ಅಮರ್ ರಕ್ತದಲ್ಲಿ ಮಾತ್ರೆ ಎಷ್ಟಿದೆ ಅಂತ ನೋಡಲು ಬೆಂಗಳೂರಿಗೆ ಕಳಿಸಿದ್ದರು. ರಿಪೋರ್ಟು ಬಂದಿದೆ, ನಿಮಗೂ ಕಳಿಸಿದ್ದೇನೆ ಅಂದರು. ನೋಡಿ ಹೇಳಿ. ನೀವು ಹೂಂ ಅಂದರೆ ನಾಳೆಯಿಂದಲೇ ಮೂರು ನುಂಗುತ್ತೇನೆ.

ನವ್ಯಶ್ರೀ


ಚಂಡೀಗಢ
3 ಮಾರ್ಚ್ 2025

ನವ್ಯ,

ರಿಪೋರ್ಟು ನೋಡಿದೆ. ನಿನ್ನ ರಕ್ತದಲ್ಲಿ ಮಾತ್ರೆ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ನಿನ್ನಂಥ ಮೈಯಲ್ಲಿ ಒಂದೂವರೆ ಮಾತ್ರೆಗೆ ಅಷ್ಟು ಇಳಿಯಲು ಸಾಧ್ಯವೇ ಇಲ್ಲ. ನುಂಗಿದ್ದು ಬೇಗ ಹೊರಗೆ ಹೋಗುವ ದೇಹವಲ್ಲ ನಿನ್ನದು. ಹಾಗಾದರೆ ಉಳಿದ ಅರ್ಥ ಒಂದೇ. ನೀನು ನುಂಗುತ್ತಿಲ್ಲ.

ನನಗೆ ಬೇಸರವಾದದ್ದು ಅದಕ್ಕಲ್ಲ. ಎಷ್ಟೋ ಜನ ನುಂಗುವುದಿಲ್ಲ. ಎರಡನೆಯ ಮಗುವಿಗೆ ತೊಂದರೆ ಅಂತ ಯಾರೋ ತಲೆ ಕೆಡಿಸಿರುತ್ತಾರೆ, ಗೊತ್ತು. ಆದರೆ "ಒಂದು ಹೊತ್ತೂ ತಪ್ಪಿಸಿಲ್ಲ" ಅಂತ ನನ್ನ ಹತ್ತಿರವೂ ಬರೆದೆಯಲ್ಲ! ನನ್ನ ಹತ್ತಿರ ಯಾಕೆ ಸುಳ್ಳು?

ಇಲ್ಲಿ ನನಗೂ ನೆಮ್ಮದಿಯಿಲ್ಲ. ಬೇರೊಂದು ತಂಡ ಕೋಲಾರದ ಕಡೆ ಇದೇ ಪರೀಕ್ಷೆ ಮಾಡಿ, ತಡವಾಗಿ ಒಡೆಯುವವರು ನಿಮ್ಮಷ್ಟು ನಮಗೆ ಸಿಗಲಿಲ್ಲ ಅಂತ ನನ್ನ ಲೇಖನ ಬಂದ ಪತ್ರಿಕೆಗೆ ಬರೆದಿದೆ. ಉತ್ತರ ಕೊಡಬೇಕು. ಈ ಹೊತ್ತಿನಲ್ಲಿ ನನ್ನ ಮನೆಯವಳೇ ನನ್ನ ಕಾರ್ಡನ್ನು ಸುಳ್ಳು ಮಾಡುತ್ತಿದ್ದಾಳೆ.

ವಸಂತನಿಗೆ ಹೇಳಿದ್ದೇನೆ. ಇನ್ನು ಮೇಲೆ ಅವನ ಎದುರೇ ನುಂಗು.

ಹರ್ಷಿತ


ಜಡಿಗೇನಹಳ್ಳಿ
15 ಮಾರ್ಚ್ 2025

ಹರ್ಷಿತ ಅವರಿಗೆ,

ನಿಮ್ಮ ಅಪ್ಪಣೆಯಂತೆ ನಡೆಯುತ್ತಿದೆ. ನಿಮ್ಮ ತಮ್ಮ ಮಾತ್ರೆ ಕೈಗೆ ಕೊಟ್ಟು ಎದುರಿಗೇ ನಿಲ್ಲುತ್ತಾರೆ. ಅತ್ತೆ "ಬಾಯ್ ತೆಗಿ, ನಾಲಗೆ ಎತ್ತು" ಅನ್ನುತ್ತಾರೆ. ಪಾಪು ಅದನ್ನು ನೋಡಿ ಕಲಿತಿದ್ದಾಳೆ. ಈಗ ಯಾರು ಕರೆದರೂ ಬಾಯಿ ತೆರೆದು ನಾಲಗೆ ಎತ್ತಿ ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ. ನನಗೆ ಎಲ್ಲಿಗಾದರೂ ಓಡಿಹೋಗೋಣ ಅನಿಸುತ್ತದೆ.

ಹಾಗೆ ಕಾವಲು ಕಾದು ನುಂಗಿಸಿದ ಮೇಲೂ ಬಂತು. ಆಗಲಾದರೂ ನಂಬುತ್ತಾರೆ ಅಂದುಕೊಂಡೆ. "ಹಿತ್ತಲಿಗೆ ಹೋಗಿ ವಾಂತಿ ಮಾಡ್ಕೊಂಡಿರ್ತಾಳೆ, ಹರ್ಷಿತ ಸುಮ್ಸುಮ್ನೆ ಹೇಳ್ತಾಳಾ?" ಅಂದರು ಅತ್ತೆ. ಅವರು ನನ್ನ ಸೋದರತ್ತೆ. ಚಿಕ್ಕಂದಿನಲ್ಲಿ ನನಗೆ ತುತ್ತು ತಿನ್ನಿಸಿದವರು.

ನಾನು ಹೋದ ಕಾಗದದಲ್ಲಿ ಒಂದು ಬರೆದಿರಲಿಲ್ಲ. ಒಲೆ ಹತ್ತಿರ ಬಿದ್ದಾಗ ಪಾಪು ನನ್ನ ಸೊಂಟದಲ್ಲಿದ್ದಳು. ಅವಳಿಗೇನೂ ಆಗಲಿಲ್ಲ, ಅದು ನನ್ನ ಪುಣ್ಯ. ಆದರೆ ಮನೆಯವರಿಗೆ ಅದೇ ಸಾಕಾಯಿತು. ನಾಳೆ ನನ್ನನ್ನು ಸೂಲಿಬೆಲೆಗೆ ತವರಿಗೆ ಕಳಿಸುತ್ತಿದ್ದಾರೆ. ಪಾಪು ಇಲ್ಲೇ ಇರಬೇಕಂತೆ. ನಾನು ನೆಟ್ಟಗೆ ಮಾತ್ರೆ ನುಂಗುವುದು ಕಲಿತ ಮೇಲೆ ನೋಡೋಣ ಅಂದರು ನಿಮ್ಮ ತಮ್ಮ.

ಮದುವೆಯಾದ ಮೇಲೆ, ಬಾಣಂತನ ಬಿಟ್ಟರೆ, ನಾನು ತವರಲ್ಲಿ ಪೂರ್ತಿ ಒಂದು ತಿಂಗಳು ಇದ್ದದ್ದು ಒಂದೇ ಸಲ, ಮೊದಲ ವರ್ಷದ ಆಷಾಢಕ್ಕೆ. ಹೊಸ ಸೊಸೆ ಅತ್ತೆ ಒಂದೇ ಹೊಸ್ತಿಲು ದಾಟಬಾರದು ಅಂತ ಅಪ್ಪ ಬಂದು ಕರೆದುಕೊಂಡು ಹೋಗಿದ್ದರು. ನೀವು ಊರಲ್ಲಿ ರಕ್ತದ ಕ್ಯಾಂಪ್ ಮಾಡಿಸಿದ್ದು ಆ ತಿಂಗಳೇ. ನಮ್ಮ ಅತ್ತಿಗೆಯ ಕ್ಯಾಂಪು, ಅದನ್ನು ನೋಡಲೂ ಆಗಲಿಲ್ಲವಲ್ಲ ಅಂತ ಎಷ್ಟು ಹೊಟ್ಟೆ ಉರಿದುಕೊಂಡಿದ್ದೆ! ಆಮೇಲೆ ನನ್ನ ಹೆಸರಿಗೂ ಕಾರ್ಡು ಬಂದಾಗ, ಮನೆಯವಳು ಅಂತ ನೀವೇ ಕಳಿಸಿದ್ದೀರಿ ಅಂತ ಹಿಗ್ಗಿದ್ದೆ. ಆವಾಗ ನಿಮ್ಮ ಹೆಸರು ಹೇಳಿಕೊಂಡು ತಿರುಗುತ್ತಿದ್ದೆ. ಈಗ ನಿಮ್ಮ ಮಾತಿನಿಂದಲೇ ಮಗು ಬಿಟ್ಟು ಅದೇ ತವರಿಗೆ ಹೋಗುತ್ತಿದ್ದೇನೆ.

ನಾನು ನುಂಗಿದ್ದೇನೆ. ಇಷ್ಟು ಹೇಳಲು ಬರೆದೆ. ಇನ್ನು ಬರೆಯುವುದಿಲ್ಲ.

ನವ್ಯಶ್ರೀ


ಚಂಡೀಗಢ
22 ಮಾರ್ಚ್ 2025

ನವ್ಯ,

ಈ ಕಾಗದವನ್ನು ಹರಿದು ಹಾಕಬೇಡ, ಪೂರ್ತಿ ಓದು. ಡಾಕ್ಟರ್ ಅಮರ್ ಜೊತೆ ಮಾತಾಡಿದ್ದೇನೆ. ನಾಳೆಯೇ ನಿಮ್ಮಪ್ಪನನ್ನು ಕರೆದುಕೊಂಡು ಹೊಸಕೋಟೆಗೆ ಹೋಗು. ಅವರು ಮೂರು ಮಾತ್ರೆ ಬರೆಯುತ್ತಾರೆ. ಆ ಕಾರ್ಡನ್ನು ಇನ್ನು ಯಾರಿಗೂ ತೋರಿಸಬೇಡ.

ನೀನು ಆಷಾಢದಲ್ಲಿ ಊರಲ್ಲಿರಲಿಲ್ಲ. ಹಾಗಾದರೆ ನಿನ್ನ ಹೆಸರಿನ ಟ್ಯೂಬಿನಲ್ಲಿದ್ದದ್ದು ಯಾರ ರಕ್ತ? ನಿನ್ನ ಕಾಗದ ಕೈಯಲ್ಲಿಟ್ಟುಕೊಂಡೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪವೂ ಅಳುಕದೆ ಹೇಳಿದರು.

"ಹೂಂ ಕಣೇ, ನಾನೇ ಕೊಟ್ಟಿದ್ದು. ಮನೆ ಮನೆಗೂ ಎಲ್ರದ್ದೂ ಬೇಕು, ಒಬ್ರೂ ಬಿಡಂಗಿಲ್ಲ ಅಂತ ನೀನೇ ಹೇಳ್ಕಳಿಸಿದ್ದೆ. ಆ ನರ್ಸಮ್ಮ ನವ್ಯಶ್ರೀ ಅಂತ ಕೂಗಿದ್ಳು. ಇಲ್ಲ ಅಂದ್ರೆ ನಿನ್ ಲೆಕ್ಕ ಕಮ್ಮಿ ಆಗ್ತಿರ್ಲಿಲ್ವಾ? ಇನ್ನೊಂದ್ ಕೈ ಚಾಚಿದೆ. ನಮ್ಮಣ್ಣನ ಮಗಳು, ಅವಳ ರಕ್ತ ಬ್ಯಾರೆ ನನ್ ರಕ್ತ ಬ್ಯಾರೇನಾ?"

ಆಮೇಲೆ ಇನ್ನೊಂದು ಮಾತು ಹೇಳಿದರು. "ನಾನೊಬ್ಳೇ ಅಲ್ಲ. ಆ ವರ್ಷ ಮದುವೆಯಾಗಿದ್ದ ಹುಡುಗೀರು ಯಾರಿದ್ರು ಊರಾಗೆ? ಎಲ್ಲಾ ಅತ್ತೇರೇ ಕೊಟ್ರು. ಗಂಗಣ್ಣನ ಹೆಂಡ್ತಿಗೆ ಸೂಜಿ ಅಂದ್ರೆ ಭಯ, ನಾನೇ ಧೈರ್ಯ ಹೇಳಿ ಕೂರಿಸ್ದೆ."

ಆಷಾಢವನ್ನು ಆರಿಸಿದ್ದು ನಾನು. ಮದುವೆ ಮುಂಜಿ ಇರುವುದಿಲ್ಲ, ಜನ ಊರಲ್ಲೇ ಸಿಗುತ್ತಾರೆ ಅಂತ ಜಾಣತನ ಮಾಡಿದೆ. ಅದೇ ಊರಲ್ಲಿ ಹುಟ್ಟಿದವಳಿಗೆ ಹೊಸ ಸೊಸೆಯರು ಇರುವುದಿಲ್ಲ ಅನ್ನುವುದು ನೆನಪಾಗಲಿಲ್ಲ. ನಾನು ಹೊಸಕೋಟೆಯ ಲ್ಯಾಬಿನಲ್ಲಿ ಕೂತು ಬಂದ ಟ್ಯೂಬುಗಳನ್ನು ಯಂತ್ರದಲ್ಲಿ ತಿರುಗಿಸಿ ಐಸ್ ಪೆಟ್ಟಿಗೆಗೆ ಹಾಕುತ್ತಿದ್ದೆ. ಅಲ್ಲಿಂದ ಸೀದಾ ದೇವನಹಳ್ಳಿಗೆ ಹೋಗಿ ವಿಮಾನ ಹತ್ತಿದೆ. ಊರಿಗೆ ಕಾಲಿಡಲೇ ಇಲ್ಲ.

ಒಂದು ಬೇಡಿಕೆ ಇದೆ. ಸದ್ಯಕ್ಕೆ ಇದು ನಮ್ಮಿಬ್ಬರಲ್ಲೇ ಇರಲಿ. ತನ್ನಿಂದ ನಿನಗೆ ಹೀಗಾಯಿತು ಅಂತ ತಿಳಿದರೆ ಅಮ್ಮ ಎದೆ ಒಡೆದುಕೊಳ್ಳುತ್ತಾರೆ. ನನಗೂ ಹನ್ನೊಂದನೇ ತಾರೀಖು ಸಂದರ್ಶನ. ಅದೊಂದು ಕಳೆಯಲಿ, ಆಮೇಲೆ ಪತ್ರಿಕೆಗೆ ಬರೆದು ಎಲ್ಲ ಸರಿಮಾಡುತ್ತೇನೆ. ನಿನ್ನ ಮಾತ್ರೆ ಸರಿಯಾಯಿತಲ್ಲ, ಅದು ಮುಖ್ಯ.

ಹರ್ಷಿತ


ಸೂಲಿಬೆಲೆ
30 ಮಾರ್ಚ್ 2025

ಅತ್ತಿಗೆ,

ಮೂರು ಮಾತ್ರೆ ಶುರುವಾಗಿದೆ. ಇಲ್ಲಿಯವರೆಗೆ ಒಂದೂ ಬಂದಿಲ್ಲ. ತೂರಾಟವೂ ಇಲ್ಲ, ಕಣ್ಣು ಮಂಜೂ ಇಲ್ಲ. ನಿಮಗೆ ಸಂತೋಷವಾಗಬೇಕು.

ಇನ್ನು ನನ್ನ ಸಂತೋಷ ಕೇಳಿ. ಯುಗಾದಿಗೆ ಹೊಸ ಬಟ್ಟೆ ಹಿಡಿದುಕೊಂಡು ನಿಮ್ಮ ತಮ್ಮ ಬಂದಿದ್ದರು. ಪಾಪುವನ್ನು ಕರೆತಂದಿರಲಿಲ್ಲ. ನಾನು ಹುಷಾರಾಗಿರುವುದನ್ನು ನೋಡಿ ಏನಂದರು ಗೊತ್ತೇ? "ನೋಡ್ದಾ? ಇಲ್ಲಿ ಮಾವ ನಿಂತ್ಕೊಂಡು ನುಂಗಿಸ್ತಿರೋದಕ್ಕೆ ನಿಂತೋಯ್ತು. ನಮ್ಮನೇಲಿ ಎಸೀತಿದ್ದೆ ಅಂತ ಈಗಲಾದ್ರೂ ಒಪ್ಕೋ" ಅಂದರು. ನಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. ಮಾತ್ರೆ ಯಾಕೆ ಹೆಚ್ಚಾಯಿತು ಅಂತ ಅವರಿಗೂ ಹೇಳಿಲ್ಲ, ತಲೆ ಎತ್ತಲಿಲ್ಲ. ನಾನು ವಾಸಿಯಾದದ್ದೇ ನಾನು ಸುಳ್ಳಿ ಅನ್ನುವುದಕ್ಕೆ ಸಾಕ್ಷಿಯಾಗಿದೆ. ನಾನು ಬಾಯಿ ಬಿಡಲಿಲ್ಲ, ನೀವು ಕೇಳಿಕೊಂಡಿದ್ದೀರಲ್ಲ ಅಂತ. ನಾಲಗೆ ಎತ್ತು ಅಂದಾಗ ಎತ್ತಿದೆ, ಮುಚ್ಚು ಅಂದಾಗ ಮುಚ್ಚಿದೆ.

ಅತ್ತೆ ಎದೆ ಒಡೆದುಕೊಳ್ಳುತ್ತಾರೆ ಅಂದಿರಿ. ಮಗು ಬಿಟ್ಟು ಬಂದವಳ ಎದೆ ಏನಾಗಿದೆ ಅಂತ ಒಂದು ಸಾಲು ಕೇಳಿದಿರಾ? ಪಾಪು ರಾತ್ರಿ ಅತ್ತು ಅತ್ತು ಮಲಗುತ್ತಾಳಂತೆ, ನೋಡಿ ಬಂದವರು ಹೇಳಿದರು.

ಗಂಗಣ್ಣನ ಸೊಸೆಯ ಹತ್ತಿರವೂ ಹಳದಿ ಕಾರ್ಡಿದೆ. ಅದರಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ನಾಳೆ ಅವಳಿಗೆ ಏನಾದರೂ ಕಾಯಿಲೆ ಬಂದರೆ, ಅವರೂ ಸೆರಗಿನಲ್ಲಿ ಒರೆಸಿ ಡಾಕ್ಟರ ಮೇಜಿನ ಮೇಲೆ ಇಡುತ್ತಾರೆ. ಅವಳನ್ನೂ ಹನ್ನೊಂದನೇ ತಾರೀಖಿನವರೆಗೆ ಹುಷಾರಾಗಿರು ಅಂತ ಹೇಳಲೇ?

ನೀವು ಓದಿದವರು. ಆ ದೊಡ್ಡ ಪುಸ್ತಕಗಳಲ್ಲಿ ತಪ್ಪಾದರೆ ತಿದ್ದುವ ಕ್ರಮ ಇರಬಹುದು. ನನ್ನ ಬಗ್ಗೆ ನೀವು ಬರೆದದ್ದನ್ನು ಯಾರು ತಿದ್ದುತ್ತಾರೆ? "ನವ್ಯ ನುಂಗುತ್ತಿಲ್ಲ" ಅಂತ ಹೇಳಲು ನಿಮಗೆ ಒಂದು ಫೋನು ಸಾಕಾಯಿತು. "ನುಂಗುತ್ತಿದ್ದಳು" ಅನ್ನಲು ಸಂದರ್ಶನ ಮುಗಿಯಬೇಕಾ?

ನವ್ಯಶ್ರೀ


ಚಂಡೀಗಢ
6 ಏಪ್ರಿಲ್ 2025

ನವ್ಯ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಮೊದಲ ದಿನ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಇವಳಿಗೆ ಮಾತ್ರೆ ಸರಿ ಮಾಡಿಸಿದೆ, ಇನ್ನೇನು ಬೇಕಂತೆ ಅಂದುಕೊಂಡೆ. ನಿನ್ನೆ ಕೋಲಾರದ ತಂಡಕ್ಕೆ ಉತ್ತರ ಬರೆಯಲು ಕೂತೆ. "ನಮ್ಮ ಮಾದರಿಗಳೆಲ್ಲ ಬೇರೆ ಬೇರೆ ವ್ಯಕ್ತಿಗಳವು" ಅಂತ ಟೈಪ್ ಮಾಡಿದೆ. ಆಮೇಲೆ ಅದನ್ನು ಅಳಿಸಿದೆ.

ನಾನು ಹೆದರಿದ್ದೆ ನವ್ಯ. ಅಮ್ಮನ ಎದೆಯ ಮಾತು ನೆಪ. ಹತ್ತು ವರ್ಷ ಒಬ್ಬರ ಕೈಕೆಳಗೆ ತಾತ್ಕಾಲಿಕವಾಗಿ ದುಡಿದು, ಈ ಒಂದು ಲೇಖನದ ಮೇಲೆ ನಾಲ್ಕು ಜನ ನನ್ನನ್ನು ಮೇಡಂ ಅನ್ನುವಂತಾಗಿತ್ತು. ಅದು ಹೋಗುತ್ತದಲ್ಲ ಅನ್ನುವ ಹೆದರಿಕೆ. ಈಗಲೂ ಇದೆ.

ಇವತ್ತು ಮಾಡಿದ್ದನ್ನು ಹೇಳುತ್ತೇನೆ. ಲೇಖನವನ್ನು ವಾಪಸ್ ತೆಗೆದುಕೊಳ್ಳಿ ಅಂತ ಪತ್ರಿಕೆಗೆ ಬರೆದೆ, ಕಾರಣವನ್ನೂ ಬರೆದೆ. ನಿನ್ನ ಹೆಸರಾಗಲಿ ಅಮ್ಮನ ಹೆಸರಾಗಲಿ ಹಾಕಿಲ್ಲ. ಸಂದರ್ಶನದವರಿಗೂ ತಿಳಿಸಿದೆ. ನನ್ನ ಪ್ರಕಟಣೆಗಳಲ್ಲಿ ಈಗ ಅದಿಲ್ಲ. ಹೊಸಕೋಟೆಯ ಡಾಕ್ಟರರಿಗೆಲ್ಲ ಆ ಕಾರ್ಡು ನೋಡಿ ಔಷಧಿ ಕೊಡಬೇಡಿ ಅಂತ ಹೇಳಲು ಅಮರ್ ಒಪ್ಪಿದ್ದಾರೆ. ಗಂಗಣ್ಣನ ಮನೆಗೆ ನಾನೇ ಫೋನ್ ಮಾಡಿದೆ.

ಆಮೇಲೆ ವಸಂತನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡು, ಎಲ್ಲರನ್ನೂ ಕರಿ ಅಂದೆ. ನವ್ಯ ಒಂದು ಹೊತ್ತೂ ತಪ್ಪಿಸದೆ ನುಂಗಿದ್ದಳು, ತಪ್ಪಿದ್ದು ನನ್ನ ಕಾರ್ಡು, ಅವಳ ಮೇಲೆ ಸುಳ್ಳು ಹೊರಿಸಿದ್ದು ನಾನು ಅಂದೆ. ಅಮ್ಮನ ರಕ್ತದ ವಿಷಯವನ್ನೂ ಹೇಳಿದೆ. ಆ ಕಡೆ ಪಾಪು ಒಬ್ಬಳೇ ಏನೋ ಗೊಣಗುತ್ತಿದ್ದಳು. ಆಮೇಲೆ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಕ್ಷಮಿಸು ಅಂತ ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ.

ಹರ್ಷಿತ


ಸೂಲಿಬೆಲೆ
19 ಏಪ್ರಿಲ್ 2025

ಅತ್ತಿಗೆ,

ನಿಮ್ಮ ಫೋನಿನ ಮಾರನೆಯ ದಿನ ನಿಮ್ಮ ತಮ್ಮ ಬೈಕಿನಲ್ಲಿ ಬಂದರು. ಬಾಗಿಲಲ್ಲೇ ನಿಂತು "ಆಯ್ತಲ್ಲ, ಹೊರಡು" ಅಂದರು. ಏನು ಆಯಿತು ಅಂತ ಕೇಳಿದೆ. ಅವರು ಬೈಕಿನ ಕಡೆ ತಿರುಗಿದರು. ಏನು ಅಂತ ಹೇಳದಿದ್ದರೆ ನಾನು ಬರುವುದಿಲ್ಲ ಅಂದೆ. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ! ನಮ್ಮಮ್ಮ ಒಳಗಿನಿಂದ ಓಡಿಬಂದು ನನ್ನನ್ನು ಚಿವುಟಿದರು. ನಾನು ಅಲುಗಾಡಲಿಲ್ಲ. ನಿಮ್ಮ ತಮ್ಮ ಬಂದ ಹಾಗೇ ಹೋದರು. ಆ ರಾತ್ರಿ ಎಲ್ಲವನ್ನೂ ಕೈಯಾರೆ ಹಾಳುಮಾಡಿಕೊಂಡೆ ಅಂತ ಕಣ್ಣೀರು ಹಾಕಿದೆ.

ನಿನ್ನೆ ಅತ್ತೆ ಬಂದರು. ಬಸ್ಸಿನಲ್ಲಿ, ಒಬ್ಬರೇ, ಪಾಪುವನ್ನು ಎತ್ತಿಕೊಂಡು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಅವರಣ್ಣ, ಅಂದರೆ ನಮ್ಮಪ್ಪ, ಜಗುಲಿಯ ಮೇಲಿದ್ದರು. ಪಕ್ಕದ ಮನೆಯವರೂ ಇದ್ದರು. ಎಲ್ಲರ ಎದುರೇ ಅತ್ತೆ ಪಾಪುವನ್ನು ನನ್ನ ಕೈಗೆ ಕೊಟ್ಟು, "ನೀನು ನುಂಗ್ತಿದ್ದೆ ಕಣವ್ವ. ನಾನು ಬಾಯಿ ತೆಗಿ ಅಂದೆ. ನಾನು ಹಂಗನ್ನಬಾರ್ದಾಗಿತ್ತು" ಅಂದರು. ಅಷ್ಟು ಹೇಳಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತುಬಿಟ್ಟರು. ನನಗೂ ಅಳು ಬಂತು. ಪಾಪು ನಮ್ಮಿಬ್ಬರನ್ನೂ ನೋಡಿ ಜೋರಾಗಿ ಅತ್ತಳು.

ನಾಳೆ ಅತ್ತೆಯ ಜೊತೆ ಜಡಿಗೇನಹಳ್ಳಿಗೆ ಹೋಗುತ್ತೇನೆ. ನಿಮ್ಮ ತಮ್ಮನ ಮೇಲಿನ ಸಿಟ್ಟು ಇನ್ನೂ ಇದೆ, ಅದನ್ನು ಅವರ ಹತ್ತಿರವೇ ತೀರಿಸಿಕೊಳ್ಳುತ್ತೇನೆ. ನಿಮ್ಮ ಮೇಲೂ ಇದೆ. ಕ್ಷಮಿಸಿದೆ ಅಂತ ಬರೆಯಲು ಹೊರಟೆ, ಇನ್ನೂ ಬರುತ್ತಿಲ್ಲ. ಬಂದಾಗ ಬರೆಯುತ್ತೇನೆ.

ಹನ್ನೊಂದನೇ ತಾರೀಖು ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತೆ ದಿನಾ ದೇವರ ಮುಂದೆ ದೀಪ ಹಚ್ಚಿ ನಿಮಗಾಗಿ ಕೇಳಿಕೊಳ್ಳುತ್ತಿದ್ದಾರೆ, ಆದರೆ ಫೋನ್ ಮಾಡಲು ಧೈರ್ಯವಿಲ್ಲ. ನೀವೇ ಬರೆಯಿರಿ. ಕೆಲಸ ಸಿಗಲಿಲ್ಲವಾದರೆ ಸಿಗಲಿಲ್ಲ ಅಂತಲೇ ಬರೆಯಿರಿ, ನಮಗೆ ನೋವಾಗುತ್ತದೆ ಅಂತ ಏನನ್ನೂ ಬಿಡಬೇಡಿ. ನೀವು ಬರೆದದ್ದನ್ನು ನಾನು ನಂಬುತ್ತೇನೆ. ನಿಮ್ಮ ತಮ್ಮನ ಕೈಲಿ ಫೋನ್ ಮಾಡಿಸಿ, ನಿಜವೋ ಸುಳ್ಳೋ ಅಂತ ವಿಚಾರಿಸುವುದಿಲ್ಲ.

ನವ್ಯಶ್ರೀ